ಫ್ಯಾನ್ ಸುಮ್ನೆ ಸುಮ್ನೆ ಕೂಗುತ್ತಿದೆಯೇ? ಕಂಪ್ಯೂಟರಿನ ಏರಿಳಿಯುವ ಸದ್ದಿಗೆ ಕಾರಣ ಹುಡುಕುವ ದಾರಿ

ರಾತ್ರಿ ಹತ್ತೂವರೆ. ಕಂಪ್ಯೂಟರಿನಲ್ಲಿ ಭಾರದ ಕೆಲಸ ಏನೂ ಇಲ್ಲ, ಬ್ರೌಸರಿನಲ್ಲಿ ಎರಡು ಟ್ಯಾಬ್ ಅಷ್ಟೇ. ಒಂದು ಲಿಂಕ್ ಒತ್ತಿದರೆ ಸಾಕು, ಕ್ಯಾಬಿನೆಟ್ಟಿನೊಳಗಿಂದ 'ಜುಂಯ್' ಎಂದು ಸದ್ದು ಏರುತ್ತದೆ. ಮೂರು ಸೆಕೆಂಡಿಗೆ ಇಳಿಯುತ್ತದೆ. ಮತ್ತೆ ಒತ್ತಿದರೆ ಮತ್ತೆ ಏರುತ್ತದೆ. ಒಳಕೋಣೆಯಿಂದ ಅಮ್ಮ, "ಈ ಹೊತ್ತಲ್ಲಿ ಮಿಕ್ಸಿ ಯಾಕೋ ಹಾಕಿದೀಯ?" ಎಂದು ಕೇಳಿದ ಮೇಲೆ ಇದಕ್ಕೊಂದು ಗತಿ ಕಾಣಿಸಲೇಬೇಕು ಅನ್ನಿಸಿತು.

ನಾನು ಮೊದಲು ಮಾಡಿದ್ದೇ ತಪ್ಪು ಕೆಲಸ. ಸದ್ದು ಮಾಡುತ್ತಿರುವುದು ಫ್ಯಾನ್, ಹಾಗಾದರೆ ಕೆಟ್ಟಿರುವುದೂ ಫ್ಯಾನೇ ಎಂದುಕೊಂಡು ಹೊಸ 120 ಎಂಎಂ ಫ್ಯಾನ್ ತಂದು ಹಾಕಿದೆ. ಹೊಸದೂ ಅದೇ ರಾಗ ಹಾಡಿತು. ಆಮೇಲೆ ಕೂತು ಯೋಚಿಸಿದರೆ ವಿಷಯ ಸರಳ. ಫ್ಯಾನ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಪ್ರೊಸೆಸರಿನೊಳಗಿನ ಸೆನ್ಸರ್ ಒಂದು ಅಂಕಿ ಹೇಳುತ್ತದೆ. ಮದರ್‌ಬೋರ್ಡು ಆ ಅಂಕಿಗೆ ತಕ್ಕಂತೆ 'ಇಷ್ಟು ಜೋರಾಗಿ ತಿರುಗು' ಎನ್ನುತ್ತದೆ. ಫ್ಯಾನ್ ತಿರುಗುತ್ತದೆ. ಈ ಸಾಲಿನಲ್ಲಿ ಎಲ್ಲಿ ಎಡವಟ್ಟಾದರೂ ಬೈಗುಳ ಮಾತ್ರ ಫ್ಯಾನಿಗೆ.

ಆದ್ದರಿಂದ ಸ್ಕ್ರೂಡ್ರೈವರ್ ಆಮೇಲೆ. ಮೊದಲು ಅಂಕಿ ನೋಡೋಣ.

ಹತ್ತು ನಿಮಿಷ ಮೂರು ಗೆರೆ ನೋಡಿ

ವಿಂಡೋಸ್ ಆದರೆ ಎಚ್‌ಡಬ್ಲ್ಯು ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು 'ಸೆನ್ಸರ್ಸ್' ಆಜ್ಞೆ ಕೊಟ್ಟರೆ ಬಿಸಿ, ಸುತ್ತು ಸಿಗುತ್ತವೆ; ಕೆಲಸದ ಶೇಕಡಾಕ್ಕೆ 'ಟಾಪ್' ಆಜ್ಞೆ ಇದೆ. ನಮಗೆ ಬೇಕಾದದ್ದು ಮೂರೇ: ಸಿಪಿಯು, ಅಂದರೆ ಪ್ರೊಸೆಸರ್, ಎಷ್ಟು ಬಿಸಿ, ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು, ಸಿಪಿಯು ಎಷ್ಟು ಶೇಕಡಾ ಕೆಲಸ ಮಾಡುತ್ತಿದೆ. ಎಚ್‌ಡಬ್ಲ್ಯು ಇನ್ಫೋದಲ್ಲಿ ಆಯಾ ಸಾಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಗ್ರಾಫ್ ತೆರೆದುಕೊಳ್ಳುತ್ತದೆ. ಮೂರನ್ನೂ ಒಂದರ ಕೆಳಗೆ ಒಂದು ಇಟ್ಟುಕೊಳ್ಳಿ.

ಐದು ನಿಮಿಷ ಮೌಸ್ ಮುಟ್ಟಬೇಡಿ. ಮುಂದಿನ ಐದು ನಿಮಿಷ ಯಂತ್ರಕ್ಕೆ ಜೋರು ಕೆಲಸ ಕೊಡಿ. ಫೈಲ್ ಕುಗ್ಗಿಸುವ ತಂತ್ರಾಂಶ ಸೆವೆನ್-ಝಿಪ್‌ನಲ್ಲಿ ಬೆಂಚ್‌ಮಾರ್ಕ್ ಎಂಬ ಆಯ್ಕೆ ಇದೆ, ಅದು ಸಾಕು. ಕೊನೆಗೆ ಬೆಂಚ್‌ಮಾರ್ಕ್ ನಿಲ್ಲಿಸಿ, ಬಿಸಿ ಹೇಗೆ ಇಳಿಯುತ್ತದೆ ಎಂಬುದನ್ನೂ ನೋಡಿ. ಎಷ್ಟು ಡಿಗ್ರಿಗೆ ಹೋಯಿತು ಎನ್ನುವುದಕ್ಕಿಂತ ಎಷ್ಟು ಬೇಗ ಹೋಯಿತು ಎನ್ನುವುದೇ ಹೆಚ್ಚು ಮುಖ್ಯ. ಗೆರೆಯ ಆಕಾರವೇ ಅರ್ಧ ರೋಗ ಹೇಳಿಬಿಡುತ್ತದೆ.

ಏನೂ ಮಾಡದೆ ಬಿಟ್ಟಾಗಲೂ ಬಿಸಿಯ ಗೆರೆ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಹಾರುತ್ತಿದೆ, ಫ್ಯಾನಿನ ಗೆರೆ ಅದರ ಹಿಂದೆಯೇ ಓಡುತ್ತಿದೆ ಎಂದಾದರೆ ತಪ್ಪಿರುವುದು ಫ್ಯಾನಿಗೆ ಕೊಟ್ಟ ಲೆಕ್ಕ. ಬೆಂಚ್‌ಮಾರ್ಕ್ ಶುರುವಾದ ಒಂದೆರಡು ಸೆಕೆಂಡಿಗೇ 90 ಮುಟ್ಟಿತು, ನಿಲ್ಲಿಸಿದ ಕೂಡಲೇ ದಬಕ್ಕನೆ 50ಕ್ಕೆ ಬಿತ್ತು ಎಂದಾದರೆ ಕೂಲರ್ (ಪ್ರೊಸೆಸರಿನ ಮೇಲೆ ಕೂತು ಬಿಸಿ ಹೀರುವ ಲೋಹ ಮತ್ತು ಫ್ಯಾನ್) ಪ್ರೊಸೆಸರಿಗೆ ಸರಿಯಾಗಿ ತಾಗಿಲ್ಲ. ಮೂರು ನಾಲ್ಕು ನಿಮಿಷದಲ್ಲಿ ನಿಧಾನಕ್ಕೆ ಏರಿ, ಇಳಿಯುವುದಕ್ಕೂ ಅಷ್ಟೇ ಹೊತ್ತು ತೆಗೆದುಕೊಂಡರೆ ಧೂಳು ಅಥವಾ ಗಾಳಿಯ ಕೊರತೆ. ನೀವು ಕೈ ಮುಟ್ಟದಿದ್ದರೂ ಕೆಲಸದ ಶೇಕಡಾ ತಾನೇ 30, 40ಕ್ಕೆ ಏರುತ್ತಿದ್ದರೆ ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ ಕೂತಿದೆ. ಬಿಸಿ ನೆಟ್ಟಗೆ ನಿಂತಿದ್ದೂ ಸುತ್ತು ಮಾತ್ರ ಕುಣಿಯುತ್ತಿದ್ದರೆ ವೈರು, ಪಿನ್ನು, ಮೋಡ್ ನೋಡಬೇಕು. ಇನ್ನೊಂದು ವಿಚಿತ್ರ ಉಂಟು: ಬಿಸಿಯೂ ನೆಟ್ಟಗೆ, ಸುತ್ತೂ ನೆಟ್ಟಗೆ, ಆದರೆ ಕಿವಿಗೆ ಸದ್ದು ಏರಿ ಇಳಿಯುತ್ತದೆ. ಅದರ ಕಥೆ ಕೊನೆಗೆ ಹೇಳುತ್ತೇನೆ.

ಜಾಸ್ತಿ ಜನರ ತೊಂದರೆ ಇಲ್ಲೇ: ಫ್ಯಾನ್ ಕರ್ವ್

ನನ್ನದೂ ಇದೇ ಆಗಿತ್ತು. ಸುಮ್ನೆ ಬಿಟ್ಟಾಗ 42 ಡಿಗ್ರಿ. ಲಿಂಕ್ ಒತ್ತಿದ ಕ್ಷಣ 58. ಮೂರು ಸೆಕೆಂಡ್ ಬಿಟ್ಟು ಮತ್ತೆ 44. ಇದು ರೋಗವಲ್ಲ. ಈಗಿನ ಪ್ರೊಸೆಸರ್‌ಗಳು ಚಿಕ್ಕ ಕೆಲಸ ಸಿಕ್ಕರೂ ಒಂದು ಕೋರನ್ನು (ಒಳಗೆ ಲೆಕ್ಕ ಮಾಡುವ ಒಂದು ಘಟಕ) ಗರಿಷ್ಠ ವೇಗಕ್ಕೆ ಎಳೆದು, ಮುಗಿಸಿ, ಮತ್ತೆ ಮಲಗುತ್ತವೆ. ಉಗುರಿನಷ್ಟು ಅಗಲದ ಸಿಲಿಕಾನಿನ ಒಂದು ಮೂಲೆ ಆ ಕ್ಷಣಕ್ಕೆ ಕಾದುಬಿಡುತ್ತದೆ. ಅದರ ಮೇಲಿರುವ ಅರ್ಧ ಕಿಲೋ ಲೋಹಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ. ಅಷ್ಟರಲ್ಲಿ ಮದರ್‌ಬೋರ್ಡು ಗಾಬರಿಯಾಗಿ ಫ್ಯಾನನ್ನು ಓಡಿಸುತ್ತದೆ. ಫ್ಯಾನ್ ವೇಗ ಹಿಡಿಯುವ ಹೊತ್ತಿಗೆ ಬಿಸಿ ಇಳಿದಾಗಿದೆ. ಹಾಲು ಉಕ್ಕಿ ಇಳಿದ ಮೇಲೆ ಅಡುಗೆಮನೆಗೆ ಓಡಿಬಂದ ಹಾಗೆ.

ಇದಕ್ಕೆ ಎರಡು ಮದ್ದು, ಎರಡೂ ವಿಂಡೋಸ್‌ಗೂ ಮೊದಲು ತೆರೆದುಕೊಳ್ಳುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲೇ ಇವೆ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ. ಅಸುಸ್ ಬೋರ್ಡಾದರೆ ಕ್ಯೂ-ಫ್ಯಾನ್, ಗಿಗಾಬೈಟ್ ಆದರೆ ಸ್ಮಾರ್ಟ್ ಫ್ಯಾನ್, ಎಂಎಸ್‌ಐ ಆದರೆ ಹಾರ್ಡ್‌ವೇರ್ ಮಾನಿಟರ್ ಎಂಬ ಹೆಸರಿನಲ್ಲಿ ಒಂದು ಗೆರೆ ಕಾಣುತ್ತದೆ. ಅಡ್ಡಕ್ಕೆ ಡಿಗ್ರಿ, ಉದ್ದಕ್ಕೆ ಫ್ಯಾನಿನ ಶೇಕಡಾ. ಅದೇ ಕರ್ವ್.

ಮೊದಲ ಮದ್ದು, ಗೆರೆಯ ಆರಂಭವನ್ನು ಚಪ್ಪಟೆ ಮಾಡುವುದು. ನನ್ನ ಬೋರ್ಡಿನಲ್ಲಿ ಕಂಪನಿಯಿಂದ ಬಂದ ಗೆರೆ 40 ಡಿಗ್ರಿಗೇ ಏರಲು ಶುರುಮಾಡಿ 60ರ ಹೊತ್ತಿಗೆ ಅರ್ಧ ದಾಟುತ್ತಿತ್ತು. ದಿನವಿಡೀ ನನ್ನ ಯಂತ್ರ ಓಡಾಡುವುದೇ 42ರಿಂದ 60ರ ನಡುವೆ, ಅಂದರೆ ಸರಿಯಾಗಿ ಏರು ರಸ್ತೆಯ ಮೇಲೆ. ಈಗ 62 ಡಿಗ್ರಿವರೆಗೆ ಶೇ 35, 70ಕ್ಕೆ ಶೇ 50, 80ಕ್ಕೆ ಶೇ 75, 88ಕ್ಕೆ ಪೂರ್ತಿ ಎಂದು ಇಟ್ಟಿದ್ದೇನೆ. ಕ್ಲಿಕ್ಕಿಗೆ ಬರುವ ಜಿಗಿತವೆಲ್ಲ ಚಪ್ಪಟೆ ಭಾಗದಲ್ಲೇ ಮುಗಿದುಹೋಗುತ್ತದೆ.

ಎರಡನೆಯದು ತಡ ಮಾಡಿಸುವುದು. ಸ್ಟೆಪ್ ಅಪ್, ಸ್ಟೆಪ್ ಡೌನ್ ಎಂಬ ಸಮಯದ ಆಯ್ಕೆಗಳಿರುತ್ತವೆ. ಬಿಸಿ ಏರಿದ ಎಷ್ಟು ಹೊತ್ತಿಗೆ ಫ್ಯಾನ್ ಓಗೊಡಬೇಕು ಎನ್ನುವುದು ಇದು. ಏರುವುದಕ್ಕೆ ಮೂರು ನಾಲ್ಕು ಸೆಕೆಂಡ್, ಇಳಿಯುವುದಕ್ಕೆ ಅದಕ್ಕಿಂತ ಜಾಸ್ತಿ ಕೊಡಿ. ಎಲ್ಲ ಬೋರ್ಡಿನಲ್ಲೂ ಇಷ್ಟು ಸಮಯ ಸಿಗುವುದಿಲ್ಲ, ಇದ್ದದ್ದರಲ್ಲಿ ದೊಡ್ಡದನ್ನು ಆರಿಸಿಕೊಳ್ಳಿ. ತೀರಾ ಕಡಿಮೆ ಇದ್ದರೆ ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಇದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಏರುವ ಡಿಗ್ರಿ ಬೇರೆ, ಇಳಿಯುವ ಡಿಗ್ರಿ ಬೇರೆ ಎಂದು ನಡುವೆ ನಾಲ್ಕೈದು ಡಿಗ್ರಿ ಅಂತರವನ್ನೂ ಅದರಲ್ಲಿ ಇಡಬಹುದು.

ಕ್ಯಾಬಿನೆಟ್ ಫ್ಯಾನ್‌ಗಳನ್ನು ಮರೆಯಬೇಡಿ. ಅವೂ ಸಿಪಿಯು ಬಿಸಿಯನ್ನೇ ನೋಡಿ ಕುಣಿಯುತ್ತಿರಬಹುದು. ಅವುಗಳ ಮೂಲವನ್ನು ಮದರ್‌ಬೋರ್ಡ್ ಬಿಸಿಗೆ ಬದಲಾಯಿಸಿ. ಅದು ಸೋಮಾರಿ ಅಂಕಿ, ಬೇಗ ಅಲುಗಾಡುವುದಿಲ್ಲ.

ಯೂಟ್ಯೂಬಿನಲ್ಲಿ ಯಾರೋ ತೋರಿಸಿದ ಕರ್ವನ್ನು ಹಾಗೇ ನಕಲು ಮಾಡುವವರಿಗೆ ಒಂದು ಮಾತು. ಕೂಲರ್ ಕೋಣೆಯ ಗಾಳಿಗಿಂತ ತಣ್ಣಗೆ ಯಾವುದನ್ನೂ ಮಾಡಲಾರದು. ಮಡಿಕೇರಿಯ ಡಿಸೆಂಬರಿನಲ್ಲಿ 35 ಡಿಗ್ರಿಗೆ ಆರಾಮಾಗಿ ಕೂರುವ ಯಂತ್ರ, ರಾಯಚೂರಿನ ಮೇ ತಿಂಗಳಲ್ಲಿ 55ಕ್ಕೆ ಕೂತರೆ ಅದರಲ್ಲಿ ತಪ್ಪೇನಿಲ್ಲ. ಹೊರಗೇ 40 ದಾಟಿರುತ್ತದೆ ಅಲ್ವಾ? ಆ ಕಡೆಯವರು ಚಪ್ಪಟೆ ಭಾಗವನ್ನು 68, 70ರವರೆಗೂ ಎಳೆದರೆ ಭಯವಿಲ್ಲ. ಎಎಂಡಿ ಕಂಪನಿಯ ರೈಜನ್ 7000 ಸರಣಿಯ ಹೆಚ್ಚಿನ ಪ್ರೊಸೆಸರ್‌ಗಳಂತೂ ಪೂರ್ತಿ ಕೆಲಸ ಬಿದ್ದಾಗ 95 ಡಿಗ್ರಿವರೆಗೆ ಹೋಗುವಂತೆಯೇ ತಯಾರಾದವು.

ಸೆನ್ಸರ್ ಹೇಳುವ ಅಂಕಿಯೂ ಯಾವಾಗಲೂ ನಿಜವಾದ ಬಿಸಿಯೇ ಆಗಿರುವುದಿಲ್ಲ. 2017ರಲ್ಲಿ ಬಂದ ರೈಜನ್ 1700ಎಕ್ಸ್, 1800ಎಕ್ಸ್ ಪ್ರೊಸೆಸರ್‌ಗಳು ಇದ್ದದ್ದಕ್ಕಿಂತ 20 ಡಿಗ್ರಿ ಜಾಸ್ತಿ ಹೇಳುತ್ತಿದ್ದವು. ಫ್ಯಾನಿನ ಲೆಕ್ಕಾಚಾರಕ್ಕೆಂದು ಎಎಂಡಿ ಬೇಕೆಂದೇ ಹಾಗೆ ಮಾಡಿತ್ತು. ಸೆಕೆಂಡ್ ಹ್ಯಾಂಡ್ ಯಂತ್ರ ಕೊಂಡವರು ಇದನ್ನು ನೆನಪಿಡಿ.

ದಾವಣಗೆರೆಯ ಹೆಲಿಕಾಪ್ಟರ್

ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. "ಅಣ್ಣ, ಗೇಮ್ ಆನ್ ಮಾಡಿದ ತಕ್ಷಣ ಹೆಲಿಕಾಪ್ಟರ್ ಏಳುತ್ತೆ. ನಿಲ್ಲಿಸಿದ್ರೆ ಇಳಿಯುತ್ತೆ." ನಾನು ಕರ್ವ್ ಕಥೆ ಹೇಳಿ, ಇದೂ ಅದೇ ಇರಬೇಕು ಎಂದುಕೊಂಡೆ. ಅವನು ಗ್ರಾಫಿನ ಫೋಟೊ ಕಳಿಸಿದಾಗ ಗೊತ್ತಾಯಿತು, ಅಲ್ಲ. 40ರಿಂದ 92ಕ್ಕೆ ಎರಡೇ ಸೆಕೆಂಡು. ಗೆರೆ ಗೋಡೆಯಂತೆ ನೆಟ್ಟಗೆ ನಿಂತಿತ್ತು.

ಹಬ್ಬಕ್ಕೆ ಹೋದಾಗ ಕ್ಯಾಬಿನೆಟ್ ಬಾಗಿಲು ತೆಗೆದು, ಬೆಂಚ್‌ಮಾರ್ಕ್ ಓಡುತ್ತಿರುವಾಗಲೇ ಹೀಟ್‌ಸಿಂಕಿನ (ಕೂಲರಿನ ಲೋಹದ ಭಾಗ) ಅಂಚಿಗೆ, ಫ್ಯಾನಿನ ರೆಕ್ಕೆಯಿಂದ ದೂರವಾಗಿ, ಬೆರಳು ಇಟ್ಟೆ. ಪರದೆಯ ಮೇಲೆ 92 ಡಿಗ್ರಿ. ಬೆರಳಿಗೆ ತಾಗಿದ್ದು ಉಗುರುಬೆಚ್ಚಗಿನ ಲೋಹ. ಕೆಳಗೆ ಪ್ರೊಸೆಸರ್ ಬೇಯುತ್ತಿದೆ, ಮೇಲೆ ಕೂಲರಿಗೆ ಬಿಸಿ ತಲುಪಿಯೇ ಇಲ್ಲ. ಇನ್ನೇನು ಪುರಾವೆ ಬೇಕು?

ಅದು ಬೋರ್ಡಿನ ರಂಧ್ರಗಳಿಗೆ ಒತ್ತಿ ಕೂರಿಸುವ ನಾಲ್ಕು ಪುಶ್ ಪಿನ್‌ನ ಕೂಲರ್. ಇಂಟೆಲ್ 2004ರಲ್ಲಿ ಎಲ್‌ಜಿಎ 775 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ತಂದ ಕಾಲದಿಂದ ಬಂದ ಪದ್ಧತಿ ಇದು. ಮೂರು ಪಿನ್ ಗಟ್ಟಿಯಾಗಿದ್ದವು. ಕೆಳಗಿನ ಎಡಮೂಲೆಯದು ಅಲ್ಲಾಡಿಸಿದರೆ ಲೊಟಗುಟ್ಟುತ್ತಿತ್ತು. ಬೋರ್ಡನ್ನು ಬಿಚ್ಚಿ ಹಿಂದೆ ನೋಡಿದರೆ ಮೂರು ಮೂಲೆಯಲ್ಲಿ ಬಿಳಿ ಪ್ಲಾಸ್ಟಿಕ್ ಕಾಲುಗಳ ನಡುವೆ ಕಪ್ಪು ಪಿನ್ ಪೂರ್ತಿ ಇಳಿದು ಕಾಲುಗಳನ್ನು ಅಗಲಿಸಿತ್ತು. ನಾಲ್ಕನೆಯದರಲ್ಲಿ ಕಾಲುಗಳು ರಂಧ್ರದೊಳಗೇ ಉಳಿದಿದ್ದವು. ಬಾಡಿಗೆ ಮನೆ ಬದಲಾಯಿಸುವಾಗ ಕ್ಯಾಬಿನೆಟ್ಟನ್ನು ಸ್ಕೂಟರಿನ ಮುಂದೆ, ಕಾಲ ಸಂದಿಯಲ್ಲಿಟ್ಟು ತಂದಿದ್ದನಂತೆ. ಯಾವುದೋ ಹಂಪಿನಲ್ಲಿ ಕಳಚಿರಬೇಕು.

ಪುಶ್ ಪಿನ್ ತಲೆಯ ಮೇಲಿನ ಬಾಣದ ಗುರುತು ಬಿಚ್ಚುವ ದಿಕ್ಕಿನದು. ಎಷ್ಟೋ ಜನ ಅದನ್ನು ಬಿಗಿಯುವ ದಿಕ್ಕು ಎಂದುಕೊಂಡು ಮೋಸಹೋಗುತ್ತಾರೆ. ಕೂಡಿಸುವಾಗ ಬಾಣಕ್ಕೆ ಎದುರಾಗಿ ತಿರುಗಿಸಿಟ್ಟು, ಮೂಲೆಯಿಂದ ಎದುರು ಮೂಲೆಗೆ ಒಂದೊಂದನ್ನೇ 'ಟಕ್' ಎನ್ನುವವರೆಗೆ ಒತ್ತಿ. ಕೂರಿಸಿದ ಮೇಲೆ ಬೋರ್ಡಿನ ಹಿಂಭಾಗ ನೋಡದೆ ಬಾಗಿಲು ಮುಚ್ಚಬೇಡಿ.

ಒಮ್ಮೆ ಕೂಲರ್ ಎತ್ತಿದಿರೋ, ಅದಕ್ಕೂ ಪ್ರೊಸೆಸರಿಗೂ ನಡುವೆ ಬಿಸಿ ದಾಟಿಸುವ ಹಳೆಯ ಥರ್ಮಲ್ ಪೇಸ್ಟ್ ಮುಗಿಯಿತೆಂದೇ ಲೆಕ್ಕ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ನಡುವೆ ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಡಿ. ದೋಸೆಗೆ ಬೆಣ್ಣೆ ಸವರಿದಂತೆ ಸವರಬೇಕಿಲ್ಲ, ಕೂಲರಿನ ಒತ್ತಡಕ್ಕೆ ತಾನೇ ಹರಡಿಕೊಳ್ಳುತ್ತದೆ. ಎಎಂಡಿಯ ಎಎಂ4 ಬೋರ್ಡಿನವರಿಗೆ ಎಚ್ಚರಿಕೆ: ಒಣಗಿದ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರೂ ಸಾಕೆಟ್ಟಿನಿಂದ ಕಿತ್ತು ಬರಬಹುದು, ಪಿನ್ ಬಾಗಿದರೆ ಅಲ್ಲಿಗೆ ಕಥೆ ಮುಗಿಯಿತು. ಮೊದಲು ಹತ್ತು ನಿಮಿಷ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಅತ್ತಿತ್ತ ಮೆಲ್ಲಗೆ ತಿರುಚಿ ಬಿಡಿಸಿ.

ಧೂಳು

ಇದನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಚಿಕ್ಕದಾಗಿ. ನಮ್ಮ ಮನೆಗಳ ಧೂಳು ಬರೀ ಧೂಳಲ್ಲ. ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ ಎಲ್ಲ ಸೇರಿ ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿಯಂತೆ ಕೂರುತ್ತದೆ. ಫ್ಯಾನನ್ನು ಬಿಚ್ಚಿ ಅದರ ಕೆಳಗೆ ನೋಡಬೇಕು, ಮೇಲಿಂದ ಕಾಣುವುದಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ. ಗಾಳಿಗೆ ಗಿರಗಿರ ತಿರುಗಲು ಬಿಟ್ಟರೆ ಬೇರಿಂಗ್ ಹಾಳಾಗುತ್ತದೆ. ಜಿಡ್ಡು ಗಟ್ಟಿಯಾಗಿದ್ದರೆ ಪೇಂಟ್ ಬ್ರಷ್ಷೇ ಸರಿ. ಕೆಲಸ ಅಂಗಳದಲ್ಲಿ ಮಾಡಿ, ಇಲ್ಲವಾದರೆ ಮನೆಯಲ್ಲಿ ಬೈಗುಳ ಖಚಿತ.

ಹಿನ್ನೆಲೆಯಲ್ಲಿ ಕೂತವರು

ಕೆಲಸದ ಶೇಕಡಾ ತಾನಾಗಿ ಏರುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಕಾಲಮ್ಮಿನ ಮೇಲೆ ಒತ್ತಿ. ವಿಂಡೋಸ್ ಅಪ್‌ಡೇಟ್, ಡಿಫೆಂಡರಿನ ತಪಾಸಣೆ, ಫೈಲ್ ಹುಡುಕಾಟದ ಇಂಡೆಕ್ಸಿಂಗ್ ಸಾಮಾನ್ಯವಾಗಿ ಮೇಲೆ ಕಾಣುತ್ತವೆ. ಇವು ಒಂದಷ್ಟು ಹೊತ್ತು ಗಲಾಟೆ ಮಾಡಿ ಸುಮ್ಮನಾಗುತ್ತವೆ, ಬಿಟ್ಟುಬಿಡಿ.

ಅನುಮಾನ ಪಡಬೇಕಾದದ್ದು ಬೇರೆ. ಫ್ಯಾನ್ ಜೋರಾಗಿ ಓಡುತ್ತಿರುತ್ತದೆ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತದೆ. ಮುಚ್ಚಿದರೆ ಮತ್ತೆ ಶುರು. ಕದ್ದು ಕ್ರಿಪ್ಟೊ ಗಣಿಗಾರಿಕೆ ಮಾಡುವ ಕೆಲವು ಮಾಲ್‌ವೇರ್‌ಗಳು ಹೀಗೆಯೇ ಅಡಗಿಕೊಳ್ಳುತ್ತವೆ. ಕ್ರ್ಯಾಕ್ ಮಾಡಿದ ಗೇಮ್, ಫೋಟೊ ಎಡಿಟರ್ ಹಾಕಿಕೊಂಡವರ ಯಂತ್ರದಲ್ಲಿ ಇದನ್ನು ಮೊದಲು ನೋಡುತ್ತೇನೆ. ಎಚ್‌ಡಬ್ಲ್ಯು ಇನ್ಫೋದ ಗ್ರಾಫ್ ಓಡುತ್ತಲೇ ಇರಲಿ, ನಡುವೆ ಒಮ್ಮೆ ಟಾಸ್ಕ್ ಮ್ಯಾನೇಜರ್ ತೆರೆದು ಮುಚ್ಚಿ. ತೆರೆದ ಹೊತ್ತಿಗೆ ಸರಿಯಾಗಿ ಗೆರೆ ಗುಂಡಿಗೆ ಬಿದ್ದರೆ ಕಳ್ಳ ಸಿಕ್ಕಂತೆ. ನನ್ನ ಕೇಳಿದರೆ, ಅಂಥ ಯಂತ್ರಕ್ಕೆ ಫೈಲ್‌ಗಳನ್ನು ಉಳಿಸಿಕೊಂಡು ವಿಂಡೋಸ್ ಹೊಸದಾಗಿ ಹಾಕುವುದೇ ನೆಮ್ಮದಿ.

ಮೂರು ವೈರು, ನಾಲ್ಕು ವೈರು

ಫ್ಯಾನಿನ ವೈರು ಎಣಿಸಿ. ಮೂರಿದ್ದರೆ ಒಂದು ನೆಗೆಟಿವ್, ಒಂದು 12 ವೋಲ್ಟ್, ಇನ್ನೊಂದು ಎಷ್ಟು ಸುತ್ತಿದೆ ಎಂದು ವರದಿ ಹೇಳುವುದು. ಇಂಥ ಫ್ಯಾನಿನ ವೇಗ ಇಳಿಸಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು. ನಾಲ್ಕನೆಯ ವೈರು ಇದ್ದರೆ ಅದರಲ್ಲಿ ಪಿಡಬ್ಲ್ಯುಎಂ ಸಂಕೇತ ಬರುತ್ತದೆ. ಸೆಕೆಂಡಿಗೆ ಸುಮಾರು 25 ಸಾವಿರ ಸಲ ಆನ್-ಆಫ್ ಆಗುವ ಸಂಕೇತ ಅದು. ನಮ್ಮ ಕಿವಿಗೆ 20 ಸಾವಿರದ ಮೇಲೆ ಕೇಳುವುದಿಲ್ಲ, ಅದಕ್ಕೇ ಆ ಸಂಖ್ಯೆ.

ಬಯೋಸ್‌ನಲ್ಲಿ ಪ್ರತಿ ಫ್ಯಾನಿಗೂ ಡಿಸಿ (ವೋಲ್ಟೇಜ್ ಏರಿಳಿಸುವುದು), ಪಿಡಬ್ಲ್ಯುಎಂ ಎಂಬ ಮೋಡ್ ಇರುತ್ತದೆ. ಮೂರು ವೈರಿನ ಫ್ಯಾನಿಗೆ ಪಿಡಬ್ಲ್ಯುಎಂ ಇಟ್ಟರೆ ಅದು ಸದಾ ಪೂರ್ತಿ ವೇಗದಲ್ಲಿ ಓಡುತ್ತದೆ. ನಾಲ್ಕು ವೈರಿನದಕ್ಕೆ ಡಿಸಿ ಇಟ್ಟರೆ ಕಡಿಮೆ ವೋಲ್ಟೇಜಿಗೆ ನಿಂತು, ಮತ್ತೆ ಎದ್ದು, ಟಿಕ್ ಟಿಕ್ ಎನ್ನಬಹುದು. ಬಿಸಿ ನೆಟ್ಟಗಿದ್ದೂ ಸುತ್ತು ಕುಣಿಯುವುದಕ್ಕೆ ಜಾಸ್ತಿ ಸಲ ಇದೇ ಕಾರಣ. ಆಟೊ ಎಂದು ಬಿಟ್ಟಿದ್ದರೆ ಕೈಯಾರೆ ಸರಿಯಾದುದನ್ನು ಆರಿಸಿ.

ಶೇಕಡಾ ತೀರಾ ಇಳಿಸಿದವರಿಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ 'ಸಿಪಿಯು ಫ್ಯಾನ್ ಎರರ್' ಬರಬಹುದು. ಫ್ಯಾನ್ ಕೆಟ್ಟಿದೆ ಎಂದಲ್ಲ. ಬೋರ್ಡು ಇಟ್ಟುಕೊಂಡ ಕನಿಷ್ಠ ಮಿತಿಗಿಂತ ನಿಧಾನವಾಗಿ ತಿರುಗುತ್ತಿದೆ ಅಷ್ಟೇ. ಆ ಮಿತಿಯನ್ನು ನಿಮಿಷಕ್ಕೆ 200 ಅಥವಾ 300 ಸುತ್ತಿಗೆ ಇಳಿಸಿದರೆ ಸರಿಹೋಗುತ್ತದೆ.

ಇನ್ನು ಕರೆಂಟು. ನಮ್ಮ ಕಡೆ ಎಲ್ಲದಕ್ಕೂ ವೋಲ್ಟೇಜನ್ನು ಬೈಯುವುದು ರೂಢಿ. ಪಕ್ಕದವರು ಬೋರ್‌ವೆಲ್ ಮೋಟರ್ ಹಾಕಿದಾಗ ಸೀಲಿಂಗ್ ಫ್ಯಾನ್ ನಿಧಾನವಾಗುವುದು ನಿಜ. ಆದರೆ ಕಂಪ್ಯೂಟರಿನ ಫ್ಯಾನ್ ಓಡುವುದು ಮನೆಯ ಕರೆಂಟನ್ನು ಕಂಪ್ಯೂಟರಿಗೆ ಹೊಂದಿಸುವ ಡಬ್ಬವಾದ ಎಸ್‌ಎಂಪಿಎಸ್ ಕೊಡುವ 12 ವೋಲ್ಟಿನಲ್ಲಿ. ಹೊರಗಿನ ಕರೆಂಟು ಸ್ವಲ್ಪ ಏರುಪೇರಾದರೂ ಅದು 12 ಅನ್ನೇ ಕೊಡುತ್ತದೆ. ಎಸ್‌ಎಂಪಿಎಸ್‌ನ ಒಳಗಿನ ಫ್ಯಾನೇ ಗೊರಗೊರ ಎನ್ನುತ್ತಿದ್ದರೆ ಮಾತ್ರ ನೀವು ಡಬ್ಬ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣಕ್ಕೆ ಕುತ್ತು ತರುವಷ್ಟು ಕರೆಂಟು ಉಳಿದಿರಬಹುದು. ಹಾಂ, ಯುಪಿಎಸ್ ಹತ್ತಿರವೂ ಒಮ್ಮೆ ಕಿವಿ ಇಡಿ. ಕೆಲವದರಲ್ಲಿ ಫ್ಯಾನ್ ಇರುತ್ತದೆ, ನಾವು ಕ್ಯಾಬಿನೆಟ್ ಬಿಚ್ಚಿ ಕೂತಿರುತ್ತೇವೆ.

ಯಾವ ಫ್ಯಾನ್ ಅಂತ ಗೊತ್ತಾಗುವುದು ಹೇಗೆ

ಹಳೆಯ ಪತ್ರಿಕೆಯ ಹಾಳೆಯನ್ನು ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಒಂದೊಂದೇ ಫ್ಯಾನಿನ ಹತ್ತಿರ ಹಿಡಿಯಿರಿ. ಸ್ಟೆತೋಸ್ಕೋಪಿನಷ್ಟೇ ಸ್ಪಷ್ಟ.

ಗ್ರಾಫಿಕ್ಸ್ ಕಾರ್ಡಿನ ಫ್ಯಾನ್ ಅರೆ ನಿಮಿಷ ಓಡಿ, ಪೂರ್ತಿ ನಿಂತು, ಮತ್ತೆ ಓಡುತ್ತಿದ್ದರೆ ಅದು ಕೆಟ್ಟಿಲ್ಲ. ತಣ್ಣಗಿದ್ದಾಗ ಫ್ಯಾನ್ ನಿಲ್ಲಿಸುವ ಏರ್ಪಾಡು ಈಗಿನ ಕಾರ್ಡುಗಳಲ್ಲಿ ಇದೆ. ಬೇಸಿಗೆಯಲ್ಲಿ ಕಾರ್ಡು ಆ ಗಡಿಯಲ್ಲೇ ತೂಗಾಡುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶದಲ್ಲಿ ಏರುವ, ಇಳಿಯುವ ಡಿಗ್ರಿಗಳ ನಡುವೆ ಅಂತರ ಇಡಿ, ಇಲ್ಲವೇ ಸದಾ ಶೇ 30ರಲ್ಲಿ ಓಡಲು ಬಿಡಿ. ನನಗೆ ಎರಡನೆಯದೇ ಇಷ್ಟ.

ಬೆಳಿಗ್ಗೆ ಆನ್ ಮಾಡಿದಾಗ ಗರಗರ, ಹತ್ತು ನಿಮಿಷಕ್ಕೆ ಮಾಯ ಎಂದಾದರೆ ಬೇರಿಂಗಿನ ಎಣ್ಣೆ ಒಣಗಿದೆ. ಸ್ಟಿಕ್ಕರ್ ಎತ್ತಿ ಹೊಲಿಗೆ ಮಷಿನ್ ಎಣ್ಣೆ ಒಂದೇ ತೊಟ್ಟು ಬಿಟ್ಟರೆ ಕೆಲವು ತಿಂಗಳು ತಳ್ಳಬಹುದು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ಚಳಿಗಾಲದ ಬೆಳಿಗ್ಗೆ ಬಾಟಲಿಯಲ್ಲಿ ಅದು ಹೇಗೆ ಗಟ್ಟಿಯಾಗಿರುತ್ತದೆ ಎಂದು ಗೊತ್ತಲ್ಲ, ಬೇರಿಂಗಿನಲ್ಲೂ ಹಾಗೇ ಆಗುತ್ತದೆ. ಎಣ್ಣೆ ತಾತ್ಕಾಲಿಕ, ಹೊಸ ಫ್ಯಾನಿಗೆ ದುಡ್ಡು ಎತ್ತಿಡಿ.

ಲ್ಯಾಪ್‌ಟಾಪಿನವರಿಗೆ ಕರ್ವ್ ಮುಟ್ಟುವ ಅವಕಾಶ ಕಡಿಮೆ. ವಿಂಡೋಸ್ ಪವರ್ ಆಯ್ಕೆಯಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇ 100ರಿಂದ 99ಕ್ಕೆ ಇಳಿಸಿ ನೋಡಿ. ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ಆಗಾಗ ಹಿಡಿಯುವ ಹೆಚ್ಚಿನ ವೇಗ) ನಿಲ್ಲುತ್ತದೆ, ಜಿಗಿತ ನಿಲ್ಲುತ್ತದೆ, ವೇಗವೂ ತುಸು ಕಡಿಮೆಯಾಗುತ್ತದೆ. ಹಾಸಿಗೆ ಮೇಲಿಟ್ಟು ಬಳಸುವುದನ್ನು ಬಿಟ್ಟರೆ ಅದೇ ಅರ್ಧ ಮದ್ದು.

ಅಂಕಿ ನೆಟ್ಟಗೆ, ಸದ್ದು ಮಾತ್ರ ಏರಿಳಿತ

ಕರ್ವ್ ಸರಿಮಾಡಿದ ಮೇಲೆ ಹಳೆಯ ಫ್ಯಾನ್ ಕೈಯಲ್ಲಿ ಉಳಿಯಿತು. ಕೆಟ್ಟಿರಲಿಲ್ಲವಲ್ಲ, ಸುಮ್ನೆ ಯಾಕೆ ಬಿಸಾಡುವುದೆಂದು ಕ್ಯಾಬಿನೆಟ್ಟಿನ ಹಿಂದೆ, ಬಿಸಿಗಾಳಿ ಹೊರಹಾಕಲು ಸಿಕ್ಕಿಸಿದೆ. ರಾತ್ರಿ ಹೊಸ ತೊಂದರೆ ಶುರು. 'ವೂಂ... ವೂಂ... ವೂಂ' ಎಂದು ಉಸಿರಾಡಿದಂತೆ. ಗ್ರಾಫ್ ನೋಡಿದರೆ ಎರಡೂ ಫ್ಯಾನ್ ಅಲುಗಾಡದೆ ಓಡುತ್ತಿವೆ. ಒಂದು 1200, ಇನ್ನೊಂದು 1180 ಸುತ್ತು.

ಆ 20ರ ವ್ಯತ್ಯಾಸವೇ ಕಾರಣ. ಏಳು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1200 ಸುತ್ತಿದರೆ ಸೆಕೆಂಡಿಗೆ 140 ಸಲ ಗಾಳಿಯನ್ನು ಕಡಿಯುತ್ತದೆ. 1180 ಆದರೆ ಸುಮಾರು 137.7 ಸಲ. ಎರಡೂ ಸ್ವರ ಸೇರಿದಾಗ ಸೆಕೆಂಡಿಗೆ ಎರಡು ಸಲ ಚಿಲ್ಲರೆ ಒಂದನ್ನೊಂದು ಹೆಚ್ಚಿಸಿ, ತಗ್ಗಿಸಿ, ಆ ವೂಂಕಾರ ಹುಟ್ಟುತ್ತದೆ. ತಂಬೂರಿಯ ಎರಡು ತಂತಿ ಶ್ರುತಿ ಕೂಡದಿದ್ದಾಗ ಕೇಳುವ ಅಲೆಯೂ ಇದೇ. ತಂಬೂರಿಯನ್ನು ಶ್ರುತಿಗೆ ಕೂಡಿಸಬೇಕು, ಫ್ಯಾನುಗಳನ್ನು ದೂರ ಮಾಡಬೇಕು. ಹಿಂದಿನದನ್ನು 900ಕ್ಕೆ ಇಳಿಸಿದೆ. 950ರ ಆಸುಪಾಸಿನಲ್ಲಿ ಕ್ಯಾಬಿನೆಟ್ಟಿನ ತಗಡೇ ಝರ್ ಎನ್ನುತ್ತಿತ್ತು, ಆ ವೇಗವನ್ನೂ ತಪ್ಪಿಸಿದ ಹಾಗಾಯಿತು.

ಮರುದಿನ ರಾತ್ರಿ ಅಮ್ಮ ಬಾಗಿಲಲ್ಲಿ ಬಂದು ನಿಂತು, "ಕಂಪ್ಯೂಟರ್ ಆಫ್ ಮಾಡಿ ಕತ್ತಲಲ್ಲಿ ಏನೋ ಮಾಡ್ತಿದೀಯ?" ಎಂದಳು. ಕಂಪ್ಯೂಟರ್ ಆನೇ ಇತ್ತು. ಆಫ್ ಮಾಡಿದ್ದು ಮಾನಿಟರ್ ಮಾತ್ರ, ಸದ್ದು ಕೇಳಿಸಿಕೊಳ್ಳಲು.